ಎಡದಿಂದ ಮೂರನೆಯದು

ಒಂದೇ ತೆರನಾದ ನಾಲ್ಕು ವಸ್ತುಗಳು ಸಾಲಾಗಿ ನಿಂತಿವೆ. ಅವುಗಳಲ್ಲಿ ಒಂದು ಕೆಟ್ಟಿದೆ. ಅದು ಯಾವುದೆಂದು ಗೊತ್ತುಮಾಡಿಕೊಂಡು ಹೊರಗೆ ತೆಗೆಯಬೇಕು. ಕೆಲಸ ಇಷ್ಟೇ. ಇದರಲ್ಲಿ ಧರ್ಮಾಧರ್ಮದ ಮಾತೇನು ಬಂತು ಎಂದು ಓದುಗರು ಕೇಳಿದರೆ ತಪ್ಪಲ್ಲ; ಆ ಸಂಜೆ ಆರೂವರೆ ಗಂಟೆಯವರೆಗೆ ನಾನೂ ಹಾಗೆಯೇ ತಿಳಿದಿದ್ದೆ.

ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ. ನಾನು ಬಹಳ ವರ್ಷ ಕಾಲೇಜಿನಲ್ಲಿ ಇತಿಹಾಸದ ಪಾಠ ಹೇಳಿದವನು. ನಿವೃತ್ತನಾದ ಮೇಲೆ ಸುಮ್ಮನೆ ಕೂಡಲಾರದೆ ಕೊಪ್ಪಳದ ಒಂದು ಸಣ್ಣ ಸಂಸ್ಥೆಯನ್ನು ಸೇರಿಕೊಂಡೆ. ಅದರ ಹೆಸರು ಇಲ್ಲಿ ಬೇಡ. ಸುತ್ತಲಿನ ಊರುಗಳ ಮನೆಗಳಲ್ಲಿ ಅಟ್ಟದ ಮೇಲೆ, ದೇವರ ಜಗಲಿಯ ಹಿಂದೆ, ತಗಡಿನ ಡಬ್ಬಿಗಳಲ್ಲಿ ಬಿದ್ದಿರುವ ಹಳೆಯ ಕಾಗದಪತ್ರಗಳ ಚಿತ್ರ ತೆಗೆದು, ಮೂಲವನ್ನು ಮನೆಯವರಿಗೆ ಮರಳಿ ಕೊಟ್ಟು, ಚಿತ್ರವನ್ನು ಕಾಯ್ದಿಡುವುದು ಅಲ್ಲಿಯ ಕೆಲಸ. ಯಲಬುರ್ಗಾದ ಎರೆಹೊಲಗಳ ಖರೀದಿಪತ್ರ, ಕುಷ್ಟಗಿಯ ಕಡೆಯ ಗೌಡರ ಮನೆಯ ಲೆಕ್ಕ, ಗಂಗಾವತಿಯ ಅಕ್ಕಿ ವ್ಯಾಪಾರಿಗಳ ಕೀರ್ದಿ ಪುಸ್ತಕ, ನಿಜಾಮರ ಕಾಲದ ಉರ್ದು ದಸ್ತಾವೇಜು, ಹೀಗೆ ಎಲ್ಲವೂ ಬರುತ್ತಿದ್ದವು. ಎಲ್ಲಕ್ಕಿಂತ ನನಗೆ ಪ್ರಿಯವಾದವು ಕಡತಗಳು. ಇಂದು ಕಚೇರಿಯ ಯಾವ ಫೈಲನ್ನಾದರೂ ಕಡತವೆನ್ನುತ್ತೇವೆ. ನಿಜವಾದ ಕಡತವೆಂದರೆ ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಕಪ್ಪು ಮಾಡಿ, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಪುಸ್ತಕ. ಬಳಪದಿಂದ ಬರೆಯುತ್ತಿದ್ದರು. ಒರೆಸಿದರೆ ಹೋಗುವ ಬರೆಹ. ಆದರೂ ಜನ ಅದರಲ್ಲಿ ಸಾಲದ ಲೆಕ್ಕ ಬರೆದಿಟ್ಟು ಮೂರು ನಾಲ್ಕು ತಲೆಮಾರು ಕಾಪಾಡಿಕೊಂಡು ಬಂದರು.

ಚಿತ್ರಗಳೆಲ್ಲ ಒಂದು ಸರ್ವರಿನಲ್ಲಿ ಇದ್ದವು. ಮೂಲೆಯ ಕೋಣೆಯಲ್ಲಿ ಕಬ್ಬಿಣದ ಒಂದು ಪೆಟ್ಟಿಗೆ. ಅದರ ಮುಂಭಾಗದಲ್ಲಿ ನಾಲ್ಕು ಟ್ರೇ. ಒಂದೊಂದು ಟ್ರೇಯಲ್ಲಿ ಒಂದೊಂದು ಹಾರ್ಡ್ ಡಿಸ್ಕು. ನಡೆಸುವುದು ಲಿನಕ್ಸ್. ನಾಲ್ಕು ಡಿಸ್ಕು ಇದ್ದರೂ ಹಿಡಿಯುವುದು ಮೂರರ ಸರಕು ಮಾತ್ರ. ಇದರ ಗುಟ್ಟನ್ನು ಕಿರಾಣಿ ಅಂಗಡಿಯ ಚೀಟಿಯಿಂದ ತಿಳಿಯಬಹುದು. ಚೀಟಿಯಲ್ಲಿ ಮೂರು ಬಾಬತ್ತು, ಕೆಳಗೆ ಮೊತ್ತ. ಮೇಲಿನ ಒಂದು ಅಂಕಿಯ ಮೇಲೆ ಎಣ್ಣೆ ಬಿದ್ದು ಅಳಿಸಿಹೋದರೂ ಮೊತ್ತದಲ್ಲಿ ಉಳಿದೆರಡನ್ನು ಕಳೆದರೆ ಅದು ಮತ್ತೆ ಸಿಕ್ಕುತ್ತದೆ. ಮೊತ್ತವೇ ಅಳಿಸಿದರೆ ಕೂಡಿಕೊಳ್ಳಬಹುದು. ಎರಡು ಅಂಕಿ ಅಳಿಸಿದರೆ ಮಾತ್ರ ಬ್ರಹ್ಮನಿಗೂ ಸಾಧ್ಯವಿಲ್ಲ. ಸರ್ವರಿನಲ್ಲಿ ಆ ಮೊತ್ತವನ್ನು ಒಂದೇ ಡಿಸ್ಕಿನಲ್ಲಿ ಇಡದೆ ನಾಲ್ಕರಲ್ಲೂ ಹಂಚಿರುತ್ತಾರೆ, ವ್ಯತ್ಯಾಸ ಅಷ್ಟೇ. ಈ ಉಪಾಯಕ್ಕೆ ರೇಡ್ ಎಂದು ಹೆಸರು. ದುಬಾರಿಯಾದ ಒಂದು ದೊಡ್ಡ ಡಿಸ್ಕಿಗಿಂತ ಅಗ್ಗದ ಹಲವು ಡಿಸ್ಕುಗಳ ಕೂಟವೇ ಮೇಲೆಂದು ಅಮೆರಿಕದ ಬರ್ಕ್ಲಿಯ ಮೂವರು, ಪ್ಯಾಟರ್ಸನ್, ಗಿಬ್ಸನ್, ಕ್ಯಾಟ್ಜ್ ಎಂಬವರು, 1988ರಲ್ಲಿ ವಾದಿಸಿದರು. ಕೂಟದಲ್ಲಿ ಒಬ್ಬ ಬಿದ್ದರೆ ಉಳಿದವರು ಅವನ ಹೊರೆಯನ್ನು ಹೊರುತ್ತಾರೆ. ನಮ್ಮ ಹಳೆಯ ಒಕ್ಕಲುಮನೆಗಳು ಹೀಗೆಯೇ ನಡೆಯುತ್ತಿದ್ದವು. ಯಾರ ಮೈಯಲ್ಲಿ ಹುಷಾರಿಲ್ಲ ಎಂಬುದು ಹೊರಗಿನವರಿಗೆ ಎಷ್ಟೋ ದಿನ ಗೊತ್ತೇ ಆಗುತ್ತಿರಲಿಲ್ಲ.

ಸರ್ವರನ್ನು ನೋಡಿಕೊಳ್ಳುತ್ತಿದ್ದವನು ಗುತ್ತಿಗೆಯ ಮೇಲೆ ತೆಗೆದುಕೊಂಡಿದ್ದ ಒಬ್ಬ ಹುಡುಗ. 2023ರ ಏಪ್ರಿಲ್ ತಿಂಗಳಿನ ಆ ದಿನ ಅವನು ಅಕ್ಕನ ಮದುವೆಗೆಂದು ಯಲಬುರ್ಗಾದ ಕಡೆ ಹೋಗಿದ್ದ. ನಾನು ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯಿಂದ ಬಿಸಿಲಿನಲ್ಲಿ ಬೆಂದು ಬಂದು, ಅಂದು ತೆಗೆದ ಚಿತ್ರಗಳನ್ನು ಕ್ಯಾಮೆರಾದಿಂದ ಸರ್ವರಿಗೆ ಸಾಗಿಸುತ್ತ ಕುಳಿತಿದ್ದೆ. ನಕಲು ಮಾಡುತ್ತಿದ್ದೆ ಎನ್ನಬೇಕಿತ್ತು; ನಾನು ಮಾಡುತ್ತಿದ್ದುದು ಸಾಗಣೆ. ಅಲ್ಲಿ ಒಂದು ಕೂಡಿದಂತೆ ಇಲ್ಲಿ ಒಂದು ಅಳಿಯುತ್ತಿತ್ತು. ಈ ಸಣ್ಣ ಮಾತು ಮುಂದೆ ದೊಡ್ಡದಾಗಲಿದೆ.

ಹುಡುಗನ ಫೋನು ಬಂತು. ಹಿಂದೆ ವಾಲಗದ ಸದ್ದು. "ಸರ, ಸರ್ವರಿಂದ ನನಗ ಮೇಲ್ ಬಂದೈತಿ, ಒಂದು ಡಿಸ್ಕ್ ಹೋಗೈತಿ ಅಂತ. ನಾ ಹೇಳಿದ್ದು ಟೈಪ್ ಮಾಡಿ ಪರದೆ ಮ್ಯಾಲೆ ಏನ್ ಬರತೈತಿ ಓದ್ರಿ." ಓದಿದೆ. ಎಸ್‌ಡಿ-ಬಿ, ಎಸ್‌ಡಿ-ಸಿ, ಎಸ್‌ಡಿ-ಡಿ, ಎಸ್‌ಡಿ-ಇ ಎಂದು ನಾಲ್ಕು ಹೆಸರು. 'ಸಿ'ಯ ಮುಂದೆ ಕಂಸದಲ್ಲಿ ಎಫ್ ಎಂಬ ಅಕ್ಷರ. "ಹಂಗಾರ ಸಿ ಹೋಗೈತ್ರಿ. ನಾ ನಾಳೆ ಮುಂಜಾನೆ ಬರ್ತೀನಿ. ಅಲ್ಲೀತನಕ ಏನೂ ಮುಟ್ಟಬ್ಯಾಡ್ರಿ ಸರ." ಇಷ್ಟು ಹೇಳಿ ಇಟ್ಟ.

ಇದಕ್ಕಿಂತ ಸ್ಪಷ್ಟವಾಗಿ ಯಾರೂ ಹೇಳಲಾರರು. ಆದರೆ ಬೀರುವಿನಲ್ಲಿ ಹೊಸ ಡಿಸ್ಕೊಂದು ಸಿದ್ಧವಾಗಿತ್ತು. ರಾತ್ರಿ ಇನ್ನೊಂದು ಡಿಸ್ಕು ಹೋದರೆ ಹತ್ತಾರು ಊರಿನ ಕಾಗದ ಹೋಯಿತೆಂಬ ಭಯ ನನ್ನನ್ನು ಹಿಡಿಯಿತು. ಕೆಟ್ಟದ್ದನ್ನು ಕಂಡೂ ಸುಮ್ಮನಿರುವುದು ಅಲಕ್ಷ್ಯ, ಎದ್ದು ಕೈಹಾಕುವುದು ಕರ್ತವ್ಯ ಎಂದು ಚಿಕ್ಕಂದಿನಿಂದ ಕಲಿತ ಪಾಠವೂ ಜೊತೆಗೂಡಿತು. ಪೆಟ್ಟಿಗೆಯ ಮುಂದೆ ಮಂಡಿಯೂರಿ ಕುಳಿತೆ. ಎ, ಬಿ, ಸಿ. ಎಡದಿಂದ ಮೂರನೆಯದು. ಅದರ ಹಿಡಿ ಒತ್ತಿ ಎಳೆದೆ. ಒಳಗಿನ ತಟ್ಟೆ ಇನ್ನೂ ರಭಸದಿಂದ ತಿರುಗುತ್ತಿತ್ತು. ತಿರುಗುವ ಬುಗುರಿಯನ್ನು ಮುಷ್ಟಿಯಲ್ಲಿ ಹಿಡಿದಂತೆ ಅದು ನನ್ನ ಕೈಯನ್ನು ಒಂದು ಪಕ್ಕಕ್ಕೆ ವಾಲಿಸಿತು. ಪರದೆಯ ಮೇಲೆ ಸಾಗಣೆ ನಿಂತು, ಓದಲಾಗದು ಬರೆಯಲಾಗದು ಎಂಬ ದೂರು ಸಾಲುಸಾಲಾಗಿ ಬರತೊಡಗಿತು.

ನಾನು ಎಳೆದದ್ದು ಚೆನ್ನಾಗಿದ್ದ ಡಿಸ್ಕನ್ನು.

ಹೇಗೆಂದರೆ, ಪೆಟ್ಟಿಗೆಯ ಹೊಟ್ಟೆಯೊಳಗೆ, ಹೊರಗಿನಿಂದ ಕಾಣದಂತೆ, ಲಿನಕ್ಸನ್ನು ಇಟ್ಟುಕೊಂಡ ಇನ್ನೊಂದು ಸಣ್ಣ ಡಿಸ್ಕು ಇತ್ತು. 'ಎ' ಎಂಬುದು ಅದರ ಹೆಸರು. ಟ್ರೇಗಳ ಸಾಲು ಆರಂಭವಾಗುವುದೇ 'ಬಿ'ಯಿಂದ. ಕೆಟ್ಟಿದ್ದ 'ಸಿ' ಎಡದಿಂದ ಎರಡನೆಯದು. ಪರದೆಯ ಮೇಲೆ 'ಎ' ಇರಲಿಲ್ಲ ಎಂಬುದನ್ನು ನಾನೇ ಓದಿ ಹೇಳಿದ್ದೆ. ಓದಿದ್ದು ನಾಲಿಗೆ, ಎಣಿಸಿದ್ದು ಅಭ್ಯಾಸ.

ಗಾಬರಿಯಿಂದ ಅದನ್ನು ಮರಳಿ ತಳ್ಳಿದೆ. ಆಗ ನಡೆದದ್ದನ್ನು ಇವತ್ತಿಗೂ ಯೋಚಿಸುತ್ತೇನೆ. ಒಂದು ನಿಮಿಷದ ಹಿಂದೆ 'ಡಿ' ಎಂದು ಕರೆಯಿಸಿಕೊಳ್ಳುತ್ತಿದ್ದ ಆ ಡಿಸ್ಕು, ಅದೇ ಮೈ, ಅದೇ ಗೂಡು, ಅದೇ ಸರಕು ಹೊತ್ತು, ಈಗ 'ಎಫ್' ಎಂಬ ಹೊಸ ಹೆಸರಿನಿಂದ ಪರದೆಯ ಮೇಲೆ ಬಂತು. ಹಳೆಯ ಹೆಸರನ್ನು ಕೂಟ ಇನ್ನೂ ಬಿಟ್ಟುಕೊಟ್ಟಿರಲಿಲ್ಲ. ಆದುದರಿಂದ ಮುಂದಿನ ಖಾಲಿ ಅಕ್ಷರ ಇದಕ್ಕೆ ಬಂತು. ಕೂಟದವರು ಇದನ್ನು ತಮ್ಮವನೆಂದು ಗುರುತಿಸಲಿಲ್ಲ. ನಮ್ಮ ತರ್ಕಶಾಸ್ತ್ರದವರು ಪ್ರತ್ಯಭಿಜ್ಞೆಗೆ ಕೊಡುವ ಉದಾಹರಣೆ ಇದೆಯಷ್ಟೆ: ಅಂದು ಅಲ್ಲಿ ಕಂಡ ದೇವದತ್ತನೇ ಇಂದು ಇಲ್ಲಿರುವ ಈ ದೇವದತ್ತ, ಎಂಬುದು. ಅಷ್ಟು ಹೇಳುವುದಕ್ಕೆ ಸರ್ವರಿಗೆ ಸಾಧ್ಯವಾಗಲಿಲ್ಲ.

ಹುಡುಗ ರಾತ್ರಿ ಹನ್ನೊಂದರ ಹೊತ್ತಿಗೆ ಮೋಟಾರ್ ಸೈಕಲ್ ಮೇಲೆ ಬಂದ. ತಲೆಯಲ್ಲಿ ಅಕ್ಷತೆಯ ಕಾಳು ಇನ್ನೂ ಇದ್ದವು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಒಂದೊಂದು ಡಿಸ್ಕೂ ತಾನು ಕೊನೆಯ ಸಲ ಲೆಕ್ಕ ಬರೆದದ್ದು ಎಷ್ಟನೆಯದು ಎಂಬ ಎಣಿಕೆಯನ್ನು ತನ್ನೊಳಗೆ ಇಟ್ಟುಕೊಂಡಿರುತ್ತದಂತೆ. ನಾನು ಎಳೆದದ್ದರ ಎಣಿಕೆ ಉಳಿದೆರಡಕ್ಕಿಂತ ಸ್ವಲ್ಪವೇ ಹಿಂದಿತ್ತು. ಅಷ್ಟು ಸಾಕೆಂದು ಅವನು ಕೂಟವನ್ನು ನಿಲ್ಲಿಸಿ, ಮೂರನ್ನೂ ಬಲವಂತವಾಗಿ ಮತ್ತೆ ಕೂಡಿಸಿ ಕಟ್ಟಿದ. ಆಮೇಲೆ ಹೊಸ ಡಿಸ್ಕು ಹಾಕುವ ಮೊದಲು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆಟ್ಟದ್ದನ್ನು ಗುರುತಿಸುವ ಬಗೆಯನ್ನು ತೋರಿಸಿದ. ವಿದ್ಯಾರ್ಥಿಗೆ ತೋರಿಸುವಂತೆ ತೋರಿಸಿದ. ನಾನೂ ವಿದ್ಯಾರ್ಥಿಯಂತೆಯೇ ನೋಡಿದೆ.

ಡಿಸ್ಕಿಗೆ ಮೂರು ಬಗೆಯ ಹೆಸರು. ಎ, ಬಿ, ಸಿ ಎಂಬುದು ಸರತಿಯ ಹೆಸರು. ಯಂತ್ರ ಎದ್ದಾಗ ಯಾವುದು ಮೊದಲು ಕಣ್ಣಿಗೆ ಬಿತ್ತೋ ಅದಕ್ಕೆ ಮೊದಲ ಅಕ್ಷರ. ನ್ಯಾಯಬೆಲೆ ಅಂಗಡಿಯ ಮುಂದೆ ಮೂರನೆಯವನಾಗಿ ನಿಂತವನಿಗೆ ಮೂರು ಎಂಬ ಚೀಟಿ ಕೊಟ್ಟಂತೆ. ನಾಳೆ ಯಂತ್ರ ಮತ್ತೆ ಎದ್ದಾಗ ಇದೇ ಹೆಸರು ಇದಕ್ಕೇ ಬರುತ್ತದೆಂಬ ಭರವಸೆಯಿಲ್ಲ. ಎರಡನೆಯದು ಜಾಗದ ಹೆಸರು: ಇಂಥ ತಂತಿಯ ತುದಿಯಲ್ಲಿ, ಇಂಥ ಗೂಡಿನಲ್ಲಿ ಇರುವವನು. ಜಾಗ ಬದಲಾದರೆ ಇದೂ ಬದಲು. ಇನ್ನು ಮೂರನೆಯದು ಹುಟ್ಟಿದ ಹೆಸರು. ಕಾರ್ಖಾನೆಯವರು ಕೊಟ್ಟ ಸೀರಿಯಲ್ ನಂಬರು, ಡಿಸ್ಕಿನ ಮೈಮೇಲಿನ ಚೀಟಿಯಲ್ಲಿ ಅಚ್ಚಾಗಿರುತ್ತದೆ; ಅದರ ಒಳಗೂ ಬರೆದಿರುತ್ತದೆ; ಸ್ಮಾರ್ಟ್‌ಸಿಟಿಎಲ್ ಎಂಬ ಆಜ್ಞೆಯಿಂದ ಕೇಳಿದರೆ ತಾನೇ ಹೇಳುತ್ತದೆ. ಒಳಗಿನ ನುಡಿಯೂ ಹೊರಗಿನ ಚೀಟಿಯೂ ತಾಳೆಯಾದರೆ ಮಾತ್ರ ಇವನೇ ಅವನು ಎನ್ನಬೇಕು.

ನಮ್ಮ ಹೊಲಗಳ ಪತ್ರ ಓದಿದವನಿಗೆ ಇದು ತಟ್ಟನೆ ಹೊಳೆಯಬೇಕಾಗಿತ್ತು. ಹಳೆಯ ಖರೀದಿಪತ್ರದಲ್ಲಿ ಚಕ್ಕುಬಂದಿ ಬರೆದಿರುತ್ತಾರೆ: ಮೂಡಲಿಗೆ ಇಂಥವರ ಹೊಲ, ಪಡುವಲಿಗೆ ಹಳ್ಳ, ತೆಂಕಲಿಗೆ ಬಂಡಿದಾರಿ. ಬರೆದ ದಿನ ಅದರಷ್ಟು ಸ್ಪಷ್ಟವಾದದ್ದು ಬೇರೊಂದಿಲ್ಲ. ಐವತ್ತು ವರ್ಷದ ಮೇಲೆ ಮೂಡಲಿನವರು ಮಾರಿ ಹೋಗಿರುತ್ತಾರೆ, ಹಳ್ಳ ಸರಿದಿರುತ್ತದೆ, ಬಂಡಿದಾರಿ ಉತ್ತು ಹೊಲದಲ್ಲಿ ಸೇರಿರುತ್ತದೆ. ವ್ಯಾಜ್ಯ ಹುಟ್ಟುವುದು ಅಲ್ಲಿಂದಲೇ. ಊರಿನ ಹೆಸರಿನ ಪಾಡೂ ಹಾಗೆಯೇ. ಕವಿರಾಜಮಾರ್ಗದ ಕೊಪಣವೇ ಇಂದಿನ ಕೊಪ್ಪಳ. 1956ರವರೆಗೆ ಹೈದರಾಬಾದ್ ರಾಜ್ಯ, ಆಮೇಲೆ ಮೈಸೂರು ರಾಜ್ಯ, 1973ರಿಂದ ಕರ್ನಾಟಕ. 1997ರವರೆಗೆ ರಾಯಚೂರು ಜಿಲ್ಲೆ, ಆಮೇಲೆ ತನ್ನದೇ ಜಿಲ್ಲೆ. 2019ರವರೆಗೆ ಹೈದರಾಬಾದ್ ಕರ್ನಾಟಕ, ಈಗ ಕಲ್ಯಾಣ ಕರ್ನಾಟಕ. ಕುಕನೂರಿನ ಒಂದು ಪತ್ರದಲ್ಲಿ ಯಲಬುರ್ಗಾ ತಾಲ್ಲೂಕು ಎಂದಿದ್ದರೆ ಅದು ತಪ್ಪಲ್ಲ. ಆಗ ಅದರ ಸರತಿ ಅದಾಗಿತ್ತು.

ಕೊಪ್ಪಳದವರಿಗಂತೂ ಈ ಪಾಠ ಕಲ್ಲಿನ ಮೇಲೆಯೇ ಇದೆ. ಗವಿಮಠದ ಬೆಟ್ಟದಲ್ಲಿ ಒಂದು, ಪಾಲ್ಕಿಗುಂಡಿನಲ್ಲಿ ಒಂದು, ಮೌರ್ಯರ ಕಾಲದ ಎರಡು ಶಾಸನಗಳಿವೆ. ಎರಡರಲ್ಲೂ ದೊರೆ ತನ್ನನ್ನು ದೇವಾನಾಂಪ್ರಿಯನೆಂದು ಕರೆದುಕೊಂಡಿದ್ದಾನೆಯೇ ಹೊರತು ಹೆಸರು ಹೇಳಿಲ್ಲ. ಅದು ಪದವಿಯ ಹೆಸರು, ಸಿಂಹಾಸನದ ಮೇಲೆ ಕುಳಿತವರಿಗೆ ಒಪ್ಪುವ ಮಾತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಉತ್ತರದ ಕಂಬಗಳ ಬ್ರಾಹ್ಮೀ ಲಿಪಿಯನ್ನು ಓದಿದಾಗ ಇದೇ ಬಿರುದು ಎದುರಾಯಿತು. ಸಿಂಹಳದಲ್ಲಿ ದೇವಾನಾಂಪ್ರಿಯ ತಿಸ್ಸನೆಂಬ ಅರಸನಿದ್ದನೆಂದು ತಿಳಿದಿತ್ತು. ಆತನೇ ಇವನಿರಬೇಕೆಂದು ಪ್ರಿನ್ಸೆಪ್ ಮೊದಲು ಎಣಿಸಿದ. ಸಿಂಹಳದಲ್ಲಿ ಅಧಿಕಾರಿಯಾಗಿದ್ದ ಜಾರ್ಜ್ ಟರ್ನರ್ ಪಾಲಿ ಗ್ರಂಥವನ್ನು ನೋಡಿ, ಪ್ರಿಯದರ್ಶಿಯೆಂದರೆ ಅಶೋಕನೆಂದು ತೋರಿಸಿಕೊಟ್ಟ. ಅದಾದರೂ ಗ್ರಂಥದ ಸಾಕ್ಷಿ. ಹುಟ್ಟಿದ ಹೆಸರು ಕಲ್ಲಿನ ಮೇಲೆಯೇ ಸಿಕ್ಕಿದ್ದು 78 ವರ್ಷದ ಮೇಲೆ, 1915ರಲ್ಲಿ, ನಮ್ಮ ಕುಷ್ಟಗಿಯ ಆಚೆಗಿರುವ ಮಸ್ಕಿಯಲ್ಲಿ. ಚಿನ್ನದ ಗಣಿಯ ಕೆಲಸದ ಬೀಡನ್ ಎಂಬ ಎಂಜಿನಿಯರ್ ಕಂಡ ಆ ಬಂಡೆಯ ಮೇಲೆ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಇತ್ತು. ಈ ಪಾಠವನ್ನು ನಾನು ಎಷ್ಟು ವರ್ಷ ಹುಡುಗರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಬಿರುದನ್ನು ಹೆಸರೆಂದು ತಿಳಿಯಬಾರದು, ಅಂತಲೇ ಹೇಳುತ್ತಿದ್ದೆ.

ಆದರೆ ಪ್ರಿನ್ಸೆಪನ ತಪ್ಪಿಗೂ ನನ್ನ ತಪ್ಪಿಗೂ ಒಂದು ಅಂತರವಿದೆ. ಅವನು ತಪ್ಪು ತಿಳಿದ, ಬರೆದ, ಬೇರೊಬ್ಬ ತೋರಿಸಿದಾಗ ತಿದ್ದಿಕೊಂಡ. ನಡುವೆ ಯಾವ ದೊರೆಗೂ ಏನೂ ಆಗಲಿಲ್ಲ. ಬುದ್ಧಿಯ ತಪ್ಪಿಗೆ ತಿದ್ದುಪಡಿಯುಂಟು. ಆ ತಪ್ಪು ಕೈಗೆ ಇಳಿದ ಮೇಲೆ ಅದರ ಜಾತಿಯೇ ಬೇರೆ. ಹಾಗಿದ್ದರೆ ಕೈಹಾಕುವ ಮೊದಲು ಮನುಷ್ಯ ಎಷ್ಟು ಖಚಿತವಾಗಿರಬೇಕು? ಪೂರ್ತಿ ಖಚಿತವಾಗುವವರೆಗೆ ಕಾಯುತ್ತೇನೆಂದರೆ ವೈದ್ಯ ಕತ್ತಿ ಹಿಡಿಯಲಾರ, ಪಂಚರು ನ್ಯಾಯ ಹೇಳಲಾರರು. ನನಗೆ ಈಗ ತೋರುವುದಿಷ್ಟು: ಎರಡು ತಪ್ಪುಗಳನ್ನು ತಕ್ಕಡಿಯಲ್ಲಿಟ್ಟು ನೋಡಬೇಕು. ಕೆಟ್ಟ ಡಿಸ್ಕನ್ನು ಒಂದು ರಾತ್ರಿ ಹಾಗೆಯೇ ಬಿಟ್ಟಿದ್ದರೆ ಬಹುಮಟ್ಟಿಗೆ ಏನೂ ಆಗುತ್ತಿರಲಿಲ್ಲ. ಅಪಾಯ ಇದ್ದೇ ಇತ್ತು, ಆದರೆ ಅದು ಆಗಬಹುದಾದ ಅಪಾಯ. ಒಳ್ಳೆಯದನ್ನು ಎಳೆದರೆ ಕೂಟ ಆ ಕ್ಷಣದಲ್ಲೇ ಬೀಳುವುದು ನಿಶ್ಚಯ. ಕೂಟ ಗಟ್ಟಿಯಾಗಿದ್ದಾಗ ಯಾವುದನ್ನು ಎಳೆದರೂ ತಡೆದೀತು. ಒಂದು ಬಿದ್ದ ಮೇಲೆ ಉಳಿದ ಪ್ರತಿಯೊಂದೂ ಆಧಾರಗಂಬ. ಮನೆಯಲ್ಲಿ ತೊಂದರೆ ಇಲ್ಲದಾಗ ಆಡಿದರೆ ನಡೆಯುವ ಒರಟು ಮಾತು ತೊಂದರೆಯ ದಿನ ನಡೆಯುವುದಿಲ್ಲ. ನಾವು ಕೈ ಬೀಸುವುದು ಮಾತ್ರ ಆ ದಿನವೇ.

ಮರುವರ್ಷ, 2024ರ ಆಗಸ್ಟ್ 10ರ ರಾತ್ರಿ, ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಮುನಿರಾಬಾದಿನ ಕಡೆ ಹೋಗಿ ಬಂದವರ ಬಾಯಲ್ಲೆಲ್ಲ ಅದೇ ಮಾತು. ಮೂವತ್ತಮೂರೂ ಒಂದೇ ರೂಪ. ಆದರೆ ಹೋದದ್ದು ಯಾವುದೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ, ಹೊಳೆಯೇ ಕೂಗಿ ಹೇಳುತ್ತಿತ್ತು. ಅದರ ಮೇಲಿನ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ಎತ್ತಿ ನೀರು ಬಿಟ್ಟರು. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಒಂದು ವಾರದೊಳಗೆ, ಹರಿಯುವ ನೀರಿನಲ್ಲಿಯೇ, ತಾತ್ಕಾಲಿಕ ಗೇಟನ್ನು ಇಳಿಸಿ ಕಿಂಡಿ ಮುಚ್ಚಿದರು. ಎಲ್ಲ ದೋಷಗಳೂ ಹೀಗೆ ಸದ್ದು ಮಾಡುವಂತಿದ್ದರೆ ಲೋಕದಲ್ಲಿ ಅನ್ಯಾಯ ಎಷ್ಟೋ ಕಡಿಮೆಯಾಗುತ್ತಿತ್ತು.

ಕೆಟ್ಟ ಡಿಸ್ಕು ಸದ್ದು ಮಾಡುವುದಿಲ್ಲ. ಪೂರ್ತಿ ಸತ್ತದ್ದಾದರೆ ನಿನ್ನ ಹೆಸರೇನೆಂದು ಕೇಳಿದರೂ ಉತ್ತರವಿಲ್ಲ. ಹಾಗಾದರೆ ಗುರುತಿಸುವುದು ಹೇಗೆ? ಹುಡುಗ ನಕ್ಕು, "ಜೀವ ಇದ್ದವರನ್ನ ಕೇಳೂದ್ರಿ ಸರ" ಎಂದ. ಉಳಿದವುಗಳಿಂದ ಒಂದೊಂದಾಗಿ ಏನನ್ನಾದರೂ ಸುಮ್ಮನೆ ಓದಿಸಿದ. ಓದುವ ಡಿಸ್ಕಿನ ಟ್ರೇಯ ಹಸಿರು ದೀಪ ಮಿಣಮಿಣ ಮಿಟುಕಿತು. ಮೊದಲನೆಯದು ಮಿಟುಕಿತು, ಮೂರನೆಯದು ಮಿಟುಕಿತು, ನಾಲ್ಕನೆಯದೂ ಮಿಟುಕಿತು. ಎರಡನೆಯದು ಸುಮ್ಮನಿತ್ತು. ಇದಲ್ಲ, ಇದಲ್ಲ, ಇದೂ ಅಲ್ಲ ಎಂದು ಕಳೆಯುತ್ತ ಹೋಗಿ ಉಳಿದದ್ದನ್ನು ಹಿಡಿಯುವ ಈ ದಾರಿ ನಮ್ಮವರಿಗೆ ಹೊಸದಲ್ಲ. ಅವರು ಅದನ್ನು ಬ್ರಹ್ಮವನ್ನು ಅರಿಯಲು ಬಳಸಿದರು. ದಮಯಂತಿಯ ಸ್ವಯಂವರವೂ ನೆನಪಾಯಿತು. ಒಂದೇ ರೂಪದ ಐವರು ಸಾಲಾಗಿ ಕುಳಿತಿರಲು, ಅವಳು ನಳನನ್ನು ಗುರುತಿಸಿದ್ದು ಆತನ ರೆಪ್ಪೆ ಬಡಿಯುತ್ತಿತ್ತು, ಮೈ ಬೆವರಿತ್ತು ಎಂಬುದರಿಂದ. ದೇವತೆಗಳಿಗೆ ಅವೆರಡೂ ಇಲ್ಲ. ಕಣ್ಣು ಮಿಟುಕಿಸುವುದೇ ಬದುಕಿನ ಗುರುತು.

ಅಷ್ಟಕ್ಕೂ ಹುಡುಗ ತೃಪ್ತನಾಗಲಿಲ್ಲ. ದೀಪವೇ ಕೆಟ್ಟಿರಬಹುದಲ್ಲ! ಬದುಕಿದ್ದ ಮೂರರ ಸೀರಿಯಲ್ ನಂಬರನ್ನು ಕೇಳಿ ಒಂದು ಚೀಟಿಯಲ್ಲಿ ಬರೆದುಕೊಂಡ. ಯಂತ್ರವನ್ನು ಪೂರ್ತಿ ಆರಿಸಿ, ಎರಡನೆಯ ಟ್ರೇ ಎಳೆದು, ಅದರ ಚೀಟಿಯ ನಂಬರು ಆ ಮೂರರಲ್ಲಿ ಇಲ್ಲವೆಂದು ನೋಡಿಕೊಂಡ ಮೇಲೆಯೇ ಹೊಸದನ್ನು ಹಾಕಿದ. ಇಲ್ಲಿ ಒಂದು ವಿಚಿತ್ರವಿದೆ. ಮೈಮೇಲಿನ ಹೆಸರು ಓದಬೇಕಾದರೆ ಹೊರಗೆ ಎಳೆಯಬೇಕು. ಎಳೆಯಬೇಕಾದರೆ ಹೆಸರು ಗೊತ್ತಿರಬೇಕು. ಇದರಿಂದ ಪಾರಾಗುವ ದಾರಿ ಒಂದೇ: ಎಲ್ಲ ಆರೋಗ್ಯವಾಗಿರುವ ದಿನವೇ ಒಂದೊಂದರ ಹೆಸರನ್ನೂ ಟ್ರೇಯ ಮುಖದ ಮೇಲೆ ಬರೆದು ಅಂಟಿಸಿರಬೇಕು. ನಮ್ಮಲ್ಲಿ ಯಾರೂ ಬರೆದಿರಲಿಲ್ಲ. ಆರೋಗ್ಯವಾಗಿರುವವರ ಹೆಸರು ಕೇಳುವ ಪದ್ಧತಿ ನಮಗಿಲ್ಲ.

ಬೆಳಗಿನ ಹೊತ್ತಿಗೆ ಎಲ್ಲವೂ ಮರಳಿತು. ಎಲ್ಲವೂ ಎಂದರೆ, ಆ ಸಂಜೆ ನಾನು ಸಾಗಿಸುತ್ತಿದ್ದ 43 ಚಿತ್ರಗಳಲ್ಲಿ ಕೊನೆಯ 11 ಹೊರತು. ಅವು ಡಿಸ್ಕಿನ ಮೇಲೆ ಇನ್ನೂ ಸರಿಯಾಗಿ ಕೂಡುವ ಮೊದಲೇ ನಾನು ಎಳೆದಿದ್ದೆ. ಕ್ಯಾಮೆರಾದಿಂದ ಅದಾಗಲೇ ಅಳಿದಿದ್ದವು. ಹನ್ನೊಂದು ತಾನೆ, ಮತ್ತೆ ತೆಗೆದರಾಯಿತು ಎಂದು ಎರಡು ವಾರ ಬಿಟ್ಟು ಆ ಹಳ್ಳಿಗೆ ಹೋದೆ. ಅದೊಂದು ಕಡತ. ಮಳೆ ಹೋದ ಯಾವುದೋ ವರ್ಷ ಆ ಮನೆಯ ಮುತ್ತಜ್ಜ ತನ್ನ ಹಗೇವಿನಿಂದ ಊರಿನವರಿಗೆ ಜೋಳ ಕೊಟ್ಟಿದ್ದ. ಯಾರು ಎಷ್ಟು ಸೇರು ಒಯ್ದರೆಂಬ ಲೆಕ್ಕ ಅದರಲ್ಲಿತ್ತು. ಮನೆಯ ಹಿರಿಯಾಕೆ ಹೊರಗೆ ಬಂದು ಚಾಪೆ ಹಾಸಿದರು. "ಅದು ಪೂರಾ ಜೀರ್ಣ ಆಗಿತ್ತಲ್ರಿ ಗುರುಗಳ. ನೀವು ಫೋಟೋ ತಗೊಂಡು ಇಟಗೊಂಡೀರಿ, ಇನ್ನ ನಮಗ್ಯಾಕ ಅಂತ ಹುಲಿಗೆಮ್ಮನ ಗುಡಿಗೆ ಹೋದಾಗ ಹೊಳ್ಯಾಗ ಬಿಟ್ಟು ಬಂದಿವಿ."

ನಾನು ಚಹಾ ಕುಡಿದೆ. ಹನ್ನೊಂದು ಮಡಿಕೆ ಹೋದ ಸುದ್ದಿ ಆಕೆಗೆ ಹೇಳಿದೆನೆ? ಹೇಳಲಿಲ್ಲ.

ಅದಕ್ಕೆ ಮೊದಲೇ ಇನ್ನೊಂದನ್ನು ಹೇಳದೆ ಬಿಟ್ಟಿದ್ದೆ. ಘಟನೆಯಾದ ಮೂರನೆಯ ದಿನ ಸಂಸ್ಥೆಯ ಆಡಳಿತ ಸಮಿತಿ ಸೇರಿತು. ಏನಾಯಿತೆಂದು ನನ್ನನ್ನೇ ಕೇಳಿದರು. ಕನ್ನಡ ಬಹಳ ಉದಾರವಾದ ಭಾಷೆ. ಮಾಡಿದವನನ್ನು ಹೆಸರಿಸದೆ ಆದದ್ದನ್ನು ಹೇಳಲು ಅದರಲ್ಲಿ ಎಷ್ಟು ಬೇಕಾದರೂ ದಾರಿಯಿದೆ. "ಒಂದು ಡಿಸ್ಕು ಕೆಟ್ಟಿತ್ತು, ಸ್ವಲ್ಪ ಗೊಂದಲವಾಯಿತು, ಬೇರೊಂದು ಹೊರಗೆ ಬಂತು, ಕೆಲವು ಚಿತ್ರ ಹೋದವು" ಎಂದೆ. ಇದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಎಳೆದೆ ಎಂಬ ಒಂದು ಕ್ರಿಯಾಪದ ಮಾತ್ರ ಇರಲಿಲ್ಲ. ಸಮಿತಿಯವರು ಕೆಟ್ಟವರೇನೂ ಅಲ್ಲ. ಕಂಪ್ಯೂಟರಿನಲ್ಲಿ ತಪ್ಪಾಗಿದೆ, ಕಂಪ್ಯೂಟರಿನ ಹುಡುಗನೊಬ್ಬನಿದ್ದಾನೆ. ಎ, ಬಿ, ಸಿ ಎಂದು ಎಣಿಸಿದರು. ಅಂಥ ಹೊತ್ತಿನಲ್ಲಿ ಮದುವೆಗೆ ಹೋಗಿದ್ದನೆಂಬುದೂ ಸೇರಿತು. ಜೂನ್ ತಿಂಗಳಿನಲ್ಲಿ ಅವನ ಗುತ್ತಿಗೆ ಮುಗಿಯಿತು, ಮುಂದುವರಿಸಲಿಲ್ಲ. ನಾಲ್ಕು ಜನರ ಆ ಕೂಟದಲ್ಲಿ ಕೆಟ್ಟದ್ದು ಯಾವುದೆಂದು ಗೊತ್ತುಮಾಡುವುದು ಕಷ್ಟವಿರಲಿಲ್ಲ. ಪ್ರತಿಯೊಬ್ಬರನ್ನೂ ಕೇಳಿದ್ದರೆ, ಹುಡುಗನನ್ನೂ ಕರೆದು ಕೇಳಿದ್ದರೆ, ಉತ್ತರಿಸದೆ ದೀಪ ಆರಿ ಕುಳಿತವನು ನಾನೊಬ್ಬನೇ ಉಳಿಯುತ್ತಿದ್ದೆ.

ಹುಡುಗ ಎಲ್ಲಿಯೂ "ಮುಟ್ಟಬ್ಯಾಡ್ರಿ ಅಂದಿದ್ದೆ" ಎಂದು ಹೇಳಿಕೊಳ್ಳಲಿಲ್ಲ. ಅವನ ಆ ಮೌನವೇ ನನಗೆ ಮೊದಮೊದಲು ಅನುಕೂಲವಾಗಿ ಕಂಡಿತು. ಬರಬರುತ್ತ ರಾತ್ರಿ ನಿದ್ದೆ ಕೆಡಿಸತೊಡಗಿತು. ದಸರೆಯ ನಂತರದ ಸಭೆಯಲ್ಲಿ ಎದ್ದು ನಿಂತು, ಎಳೆದವನು ನಾನು, ಬೇಡವೆಂದು ಹೇಳಿದ್ದರೂ ಎಳೆದೆ ಎಂದು ಹೇಳಿದೆ. ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬರು, "ಆಗಿದ್ದು ಆತು ಬಿಡ್ರಿ, ವಯಸ್ಸಾದವರು ನೀವು" ಎಂದು ಮುಂದಿನ ವಿಷಯಕ್ಕೆ ಹೋದರು. ಹುಡುಗನ ಜಾಗಕ್ಕೆ ಅಷ್ಟರಲ್ಲಿ ಬೇರೊಬ್ಬ ಬಂದಿದ್ದ, ಅವನೂ ಒಳ್ಳೆಯವನೇ. ಈಗ ಇವನನ್ನು ಎಳೆದು ಅವನನ್ನು ಹಾಕಿರೆಂದು ಯಾವ ಬಾಯಿಂದ ಹೇಳಲಿ?

ಮರುವಾರ ಗಂಗಾವತಿಗೆ ಹೋದೆ. ಅಲ್ಲಿಯ ಒಂದು ಅಕ್ಕಿಯ ಗಿರಣಿಯಲ್ಲಿ ಲೆಕ್ಕದ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ ಅವನಿಗೆ ಸಿಕ್ಕಿತ್ತು. ಹೊರಗೆ ಭತ್ತದ ಲಾರಿಗಳು, ಒಳಗೆ ತೌಡಿನ ಧೂಳು. ಸಭೆಯಲ್ಲಿ ಏನು ಹೇಳಿ ಬಂದೆನೆಂಬುದನ್ನು ತಿಳಿಸಿದೆ. ತಡವಾಯಿತು, ತಪ್ಪಾಯಿತು ಎಂದೆ. ಅವನು ಕೀಬೋರ್ಡಿನ ಮೇಲಿನ ಧೂಳನ್ನು ಒರೆಸುತ್ತ ಕೇಳಿಸಿಕೊಂಡ. "ನೀವ ಒಂದಿನ ಹೇಳತೀರಿ ಅಂತ ಗೊತ್ತಿತ್ರಿ ಸರ" ಎಂದ. ಸ್ವಲ್ಪ ಹೊತ್ತಿನ ಮೇಲೆ, "ಟ್ರೇ ಮ್ಯಾಲೆ ನಂಬರ್ ಬರದು ಹಚ್ಚೀರೇನ್ರಿ?" ಎಂದು ಕೇಳಿದ.

ಹಚ್ಚಿದ್ದೆ. ಯಂತ್ರ ಆರಿಸಿ, ಕನ್ನಡಕ ಹಾಕಿಕೊಂಡು, ಒಂದೊಂದನ್ನೂ ಹೊರಗೆ ತೆಗೆದು ನೋಡಿ, ನಾಲ್ಕು ಚೀಟಿಗಳನ್ನು ನಾನೇ ದುಂಡಗೆ ಬರೆದು ಅಂಟಿಸಿದ್ದೆ. ಒಂದೊಂದು ಡಿಸ್ಕಿನ ಚಿತ್ರವನ್ನೂ ನಾನು ಬರೆದ ಚೀಟಿಯ ಚಿತ್ರವನ್ನೂ ಫೋನಿನಲ್ಲಿ ತೆಗೆದಿಟ್ಟುಕೊಂಡಿದ್ದೆ. ಸ್ವಲ್ಪ ಹೆಮ್ಮೆಯಿಂದಲೇ ತೋರಿಸಿದೆ. ಅವನು ಫೋನನ್ನು ಕಣ್ಣಿನ ಹತ್ತಿರ ಹಿಡಿದು, ಬೆರಳಿನಿಂದ ಹಿಗ್ಗಿಸಿ, ಒಂದಾದ ಮೇಲೊಂದು ಓದಿದ. ಎರಡನೆಯದರ ಹತ್ತಿರ ನಿಂತ. ಹಿಂದಕ್ಕೆ ಹೋದ, ಮತ್ತೆ ಮುಂದಕ್ಕೆ ಬಂದ.

"ಸರ, ಇದು ಎಂಟಲ್ರಿ. ಬಿ."